ಹೇಮಾವತಿಯ ಕೈ

ಹೊಸಪೇಟೆ
10 ಜೂನ್ 2024

ಶ್ರೀ ಯಲ್ಲೇಶ್ ಅವರಿಗೆ,

ನಿಮ್ಮ ನಂಬರನ್ನು ನಿನ್ನೆ ಬ್ಲಾಕ್ ಮಾಡಿದ್ದೇನೆ. ಸಿಟ್ಟಿನಲ್ಲಿ ಮಾಡಿದ್ದಲ್ಲ, ಯೋಚಿಸಿಯೇ ಮಾಡಿದ್ದು ಎಂದು ಬರೆಯಲು ಹೊರಟಿದ್ದೆ. ಸುಳ್ಳು ಯಾಕೆ? ಸಿಟ್ಟಿನಲ್ಲೇ ಮಾಡಿದ್ದು. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಮೇಡಂ, ಒಂದ್ ನಿಮಿಷ ಕೇಳ್ರಿ" ಅನ್ನುತ್ತೀರಿ. ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತದೆ. ಫೋನ್ ಇಟ್ಟ ಮೇಲೆ ನೋಡಿದರೆ ನೀವು ಹೇಳಿದ್ದು ಏನೂ ಇರುವುದಿಲ್ಲ. ಇನ್ನು ಮೇಲೆ ಏನಿದ್ದರೂ ಕಾಗದದಲ್ಲಿ ಬರೆಯಿರಿ. ಕಾಗದದ ಮೇಲೆ ಬಿದ್ದ ಮಾತನ್ನು ನೀವೂ ನುಂಗುವಂತಿಲ್ಲ, ನಾನೂ ನುಂಗುವಂತಿಲ್ಲ.

ನಿಮ್ಮಿಂದ ಕೊಂಡ ಬಾಂಡಿಂಗ್ ಮಷೀನು ನನ್ನ ಮಾನ ಕಳೆಯುತ್ತಿದೆ. ಸಂಡೂರಿನ ಕಂಪನಿಗೆ ಕಳಿಸಿದ ಸೆನ್ಸರ್ ಮಾದರಿಗಳು ಎರಡನೇ ಸಲವೂ ವಾಪಸ್ ಬಂದಿವೆ. ಅದಿರು ಸಾಗಿಸುವ ಬೆಲ್ಟು ಎಲ್ಲಿ ಅಳತೆ ಮೀರಿ ನಡುಗುತ್ತದೆ ಎಂದು ಹೇಳಬೇಕಾದ ಸೆನ್ಸರು ಅದು. ಅದರೊಳಗಿನ ಚಿಪ್ಪಿಗೂ ಬೋರ್ಡಿಗೂ ನಡುವೆ ಕೂದಲಿಗಿಂತ ತೆಳುವಾದ ಅಲ್ಯುಮಿನಿಯಂ ತಂತಿ ಕೂರಬೇಕು. ಬೆಸುಗೆ ಇಲ್ಲ, ಬಿಸಿ ಇಲ್ಲ, ಕಿವಿಗೆ ಕೇಳದ ನಡುಕದಿಂದಲೇ ತಂತಿ ಲೋಹಕ್ಕೆ ಅಂಟುತ್ತದೆ ಎಂದು ನೀವೇ ಬಂದು ತೋರಿಸಿ, ಚಹಾ ಕುಡಿದು, ಮಂಡಾಳ ಒಗ್ಗರಣೆ ತಿಂದು ಹೋದಿರಿ. ಇಲ್ಲಿ ಕೂತು ನೋಡಿದರೆ ಅಂಟಿಯೇ ಇರುತ್ತದೆ. ಸಂಡೂರಿನಲ್ಲಿ ಕೊಕ್ಕೆ ಹಾಕಿ ಎಳೆದರೆ ಬುಡಸಮೇತ ಎದ್ದು ಬರುತ್ತದೆ.

ಅವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಈ ಆರ್ಡರ್ ಕೈತಪ್ಪಿದರೆ ನಮ್ಮಲ್ಲಿ ಬಾಂಡಿಂಗ್ ಕೆಲಸವೇ ಇಲ್ಲ, ಅದನ್ನು ಮಾಡುವ ಹೇಮಾವತಿಗೂ ಕೆಲಸ ಇಲ್ಲ. ಏನು ಮಾಡಲಿ, ಬರೆಯಿರಿ.

ಶಾಂಭವಿ


ಬಾಲಾನಗರ, ಹೈದರಾಬಾದ್
17 ಜೂನ್ 2024

ಶಾಂಭವಿ ಮೇಡಂ ಅವರಿಗೆ ನಮಸ್ಕಾರ.

ಕಾಗದ ಬರೆದು ಎಷ್ಟೋ ವರ್ಷ ಆಗಿತ್ತು. ಪೆನ್ನು ಹುಡುಕುವುದಕ್ಕೇ ಒಂದು ದಿನ ಹೋಯಿತು. ನೀವು ಬೈದು ಬರೆದರೂ ನಮ್ಮ ಕಡೆಯ ಕನ್ನಡ ಓದಿ ಖುಷಿಯಾಯಿತು. ಇಲ್ಲಿ ಇಡೀ ದಿನ ತೆಲುಗು, ಹಿಂದಿ. ಕೆಲಸಕ್ಕೆ ಬರುವ ಹುಡುಗರಿಗೆ ಸಿಟ್ಟಿನಲ್ಲಿ "ಲೇ" ಅಂದರೆ ಏನೋ ಪ್ರೀತಿಯಿಂದ ಕರೆದೆ ಅಂದುಕೊಳ್ಳುತ್ತಾರೆ.

ಮಷೀನು ಹಳೆಯದೇ, ಆದರೆ ಗಟ್ಟಿ. ನಾನೇ ಬಿಚ್ಚಿ, ಒರೆಸಿ, ಕಟ್ಟಿದ್ದು. ನಾನು ಸಂಡೂರಿನ ಗಣಿಗಳ ಪಕ್ಕದ ಯಶವಂತನಗರದಲ್ಲಿ ಬೆಳೆದವನು. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗುತ್ತಿದ್ದ ಊರು ಅದು. ಅದಕ್ಕೇ ನನಗೆ ಮೊದಲು ಬರುವ ಅನುಮಾನ ಧೂಳಿನದು. ಇಷ್ಟು ಹೇಳಿ: ಕೋಣೆಯ ಕಿಟಕಿ ಮುಚ್ಚಿರುತ್ತದಾ? ಎಸಿ ನಡೆಯುತ್ತದಾ? ಬೋರ್ಡುಗಳು ಪ್ಯಾಕ್ ಒಡೆದ ಮೇಲೆ ನೇರ ಮಷೀನಿಗೇ ಬರುತ್ತವಾ? ನಾನು ಇಟ್ಟ ಸೆಟ್ಟಿಂಗನ್ನು ಯಾರಾದರೂ ಮುಟ್ಟಿದ್ದಾರಾ? ಹೇಮಾವತಿ ಏನನ್ನುತ್ತಾಳೆ?

ಬಿದ್ದುಹೋದ ಮಾದರಿಗಳನ್ನು ಕೊರಿಯರ್ ಮಾಡಿ.

ನಿಮ್ಮವ,
ಯಲ್ಲೇಶ್


ಹೊಸಪೇಟೆ
24 ಜೂನ್ 2024

ಶ್ರೀ ಯಲ್ಲೇಶ್ ಅವರಿಗೆ,

ಕಿಟಕಿ ಮುಚ್ಚಿರುತ್ತದೆ. ಎಸಿ ನಡೆಯುತ್ತದೆ, ಅದರ ಕರೆಂಟ್ ಬಿಲ್ ನೋಡಿ ಮಾವನವರು ಕಂಪ್ಲಿಯ ಅಕ್ಕಿ ಗಿರಣಿಯಿಂದಲೇ ನಿಟ್ಟುಸಿರು ಬಿಡುತ್ತಾರೆ. ಬೋರ್ಡುಗಳು ನೇರ ಮಷೀನಿಗೇ ಬರುತ್ತವೆ. ಸೆಟ್ಟಿಂಗನ್ನು ಯಾರೂ ಮುಟ್ಟಿಲ್ಲ. ಪೂಜೆ ಮುಗಿಸಿ ಒಂಬತ್ತಕ್ಕೆ ಕೆಲಸ ಶುರು, ಚಪ್ಪಲಿ ಹೊರಗೆ, ತಲೆಗೆ ಟೋಪಿ. ನಿಮ್ಮ ಹೈದರಾಬಾದಿನಲ್ಲೂ ಇಷ್ಟು ಶಿಸ್ತು ಇರಲಿಕ್ಕಿಲ್ಲ.

ಹೇಮಾವತಿಯನ್ನು ಕೇಳಿದೆ. "ಮುಂಜಾನೆ ಮಷೀನು ಮೊಂಡು ಮಾಡ್ತದ್ರಿ. ಮೊದಲನೇ ಟ್ರೇದಾಗ ತಂತಿ ಒಂದೇಟಿಗೆ ಕುಂದ್ರಂಗಿಲ್ಲ, ಎರಡೆರಡು ಸಲ ಒತ್ತಬೇಕು. ಚಾ ಕುಡಿದು ಬಂದ ಮ್ಯಾಗ ಮಸ್ತ್ ನಡೀತದ" ಅಂದಳು. ನಿಮ್ಮ ಮಷೀನಿಗೂ ಚಹಾ ಬೇಕೇನೋ.

ಹುಡುಗಿ ಮಲಪನಗುಡಿಯವಳು. ನೀವು ಬಂದಾಗ ನೋಡಿದ್ದೀರಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಪಕ್ಕದಲ್ಲಿ ಡೋಲು ಬಡಿದರೂ ಏಳುವುದಿಲ್ಲ. ಗಂಡ ಟಿಬಿ ಡ್ಯಾಂ ಹತ್ತಿರ ಮೀನಿನ ಗಾಡಿ ಓಡಿಸುತ್ತಾನೆ. ಕೆಲಸಕ್ಕೆ ಸೇರಿದ ಮೇಲೆ ಊರಿನಲ್ಲಿ ಅವಳಿಗೆ "ಕಂಪನಿ ಹೇಮಕ್ಕ" ಎಂದು ಹೆಸರು ಬಿದ್ದಿದೆಯಂತೆ. ಹೇಳಿಕೊಂಡು ನಗುತ್ತಾಳೆ.

ಬಿದ್ದ ಮಾದರಿಗಳನ್ನು ಕಳಿಸಿದ್ದೇನೆ. ಮೂರನೇ ಸಲಕ್ಕೆ ತಯಾರಿ ನಡೆದಿದೆ. ಮಾದರಿಗೆ ಕಳಿಸುವುದನ್ನು ನಾನೇ ನಿಂತು ಎಲ್ಲಕ್ಕಿಂತ ಒಳ್ಳೆಯ ಟ್ರೇಯಿಂದ ಆರಿಸುತ್ತೇನೆ. ಆದ್ದರಿಂದ ಆ ಬಗ್ಗೆ ನನಗೆ ಪಾಠ ಬೇಡ.

ಶಾಂಭವಿ


ಹೈದರಾಬಾದ್
3 ಜುಲೈ 2024

ಶಾಂಭವಿ ಮೇಡಂ,

ಮಾದರಿಗಳು ಬಂದವು. ಎಳೆದು ನೋಡಿದೆ. ನಿಜ, ಎದ್ದು ಬರುತ್ತವೆ.

ಮುಂಜಾನೆ ಮಾತ್ರ ತೊಂದರೆ ಎಂದು ಬರೆದಿದ್ದೀರಿ. ಅದನ್ನೇ ಯೋಚಿಸುತ್ತಿದ್ದೆ. ಮಷೀನಿಗೆ ಮುಂಜಾನೆ, ಮಧ್ಯಾಹ್ನ ಎಂಬುದು ಇರುವುದಿಲ್ಲ. ಮನುಷ್ಯರಿಗೆ ಇರುತ್ತದೆ. ಹೇಮಾವತಿ ಮನೆಗೆಲಸ ಮುಗಿಸಿ ಬರುತ್ತಾಳಲ್ಲವೇ? ನೀರಿನ ಕೊಡ ಹೊತ್ತು, ಹೊರೆ ಎತ್ತಿ ಬಂದ ಕೈ ಸ್ವಲ್ಪ ಹೊತ್ತು ಒಳಗೊಳಗೇ ನಡುಗುತ್ತಿರುತ್ತದೆ. ಅವಳಿಗೂ ಗೊತ್ತಾಗುವುದಿಲ್ಲ, ನೋಡುವವರಿಗೂ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಅಷ್ಟು ಸಾಕು. ಬೇರೆಯವರನ್ನು ಕೂರಿಸಿ ನೋಡಿದರೆ ತಿಳಿದೀತು.

ಇದು ಬರೀ ಊಹೆ.

ಯಲ್ಲೇಶ್


ಹೊಸಪೇಟೆ
12 ಜುಲೈ 2024

ಯಲ್ಲೇಶ್ ಅವರೇ,

ನಿಮ್ಮ ಊಹೆ ಸರಿ ಇತ್ತು ಅಂತ ಕಾಣುತ್ತದೆ. ಮಾದರಿ ಮಾಡಿಟ್ಟ ಮೇಲೆ ಕಾಗದ ಬಂತು ಅಷ್ಟೇ.

ಮೊನ್ನೆ ಸಂಡೂರಿನ ಕಂಪನಿಯ ಉಚ್ಚೆಂಗಪ್ಪನವರು, ಅಂದರೆ ಮಾಲು ಪಾಸು ಮಾಡುವವರು, ತಾವೇ ಬಂದರು. ಎಳೆಯುವ ಗೇಜು ಜೊತೆಗೇ ತಂದಿದ್ದರು. ಶಿಲ್ಪಶ್ರೀ ಸೇರಿ ಎಲ್ಲ ಹುಡುಗಿಯರೂ ಸುತ್ತ ನಿಂತಿದ್ದರು. ನಾನು ಆರಿಸಿಟ್ಟ ಮಾದರಿಗೆ ಕೊಕ್ಕೆ ಹಾಕಿದರು, ಎದ್ದು ಬಂತು. ಇನ್ನೊಂದು, ಅದೂ ಬಂತು. ಮತ್ತೊಂದು. ಉಚ್ಚೆಂಗಪ್ಪನವರು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ತಲೆ ಕೆಟ್ಟುಹೋಯಿತು. ಹೇಮಾವತಿಯ ಕಡೆ ತಿರುಗಿ, "ಕೊಡ ಹೊತ್ತು ನಡುಗೋ ಕೈ ಇದು. ಇದರಾಗ ತಂತಿ ಕುಂದ್ರು ಅಂದ್ರ ಹೆಂಗ ಕುಂತೀತು? ನಾಳಿಂದ ಶಿಲ್ಪಶ್ರೀ ಕುಂದ್ರಲಿ, ನೀ ಬರಬ್ಯಾಡ" ಅಂದೆ. ಎಲ್ಲರ ಮುಂದೆ ಅಂದೆ.

ಅವಳು ತನ್ನ ಕೈ ನೋಡಿಕೊಂಡಳು. ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಟೋಪಿ ತೆಗೆದಿಟ್ಟು, ಚಪ್ಪಲಿ ಹಾಕಿಕೊಂಡು ಹೋದಳು. ಸಂಬಳ ಚುಕ್ತಾ ಮಾಡಿದ್ದೇನೆ, ಅನ್ಯಾಯ ಏನೂ ಮಾಡಿಲ್ಲ.

ಉಚ್ಚೆಂಗಪ್ಪನವರು ಸೆಪ್ಟೆಂಬರ್ ಕೊನೆಯವರೆಗೆ ಕಾಯುತ್ತಾರಂತೆ. ಗೇಜನ್ನೂ ಬಿಟ್ಟುಹೋಗಿದ್ದಾರೆ. "ಇನ್ನ ಮ್ಯಾಲೆ ನೀವ ಎಳಕೊಂಡು ನೋಡಿ ಕಳಸ್ರಿ ಮೇಡಂ, ನನ್ನ ಕೈಲೆ ಎಳಸಬ್ಯಾಡ್ರಿ" ಅಂದರು. ಇನ್ನು ಸರಿಹೋಗುತ್ತದೆ ಅಂದುಕೊಂಡಿದ್ದೇನೆ.

ಶಾಂಭವಿ


ಹೊಸಪೇಟೆ
5 ಆಗಸ್ಟ್ 2024

ಯಲ್ಲೇಶ್ ಅವರೇ,

ಉತ್ತರ ಯಾಕಿಲ್ಲ?

ಶಿಲ್ಪಶ್ರೀ ಕೂತು ಮೂರು ವಾರವಾಯಿತು. ಅವಳ ಮನೆಯಲ್ಲಿ ನಲ್ಲಿ ಇದೆ, ಅವಳು ಕೊಡ ಹೊರುವುದಿಲ್ಲ. ಅವಳು ಕೂರಿಸಿದ ತಂತಿಯೂ ಮಾದರಿಯಲ್ಲಿ ಎದ್ದು ಬರುತ್ತಿದೆ. ಅವಳೂ "ಮುಂಜಾನಿ ಮೊಂಡು ಮಾಡ್ತದ ಮೇಡಂ" ಅನ್ನುತ್ತಾಳೆ. ನಿನ್ನೆ ಊಟಕ್ಕೆ ಕೂತಾಗ ನಮ್ಮ ಅತ್ತೆ ಮರುಳಸಿದ್ದಮ್ಮ, ಯಾರಿಗೋ ಹೇಳುವ ಹಾಗೆ, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ" ಅಂದರು. ತಟ್ಟೆ ಬಿಟ್ಟು ಎದ್ದೆ.

ನಿಮ್ಮ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಇದು ಸೇಡೋ, ಹೆದರಿಕೆಯೋ?

ಶಾಂಭವಿ


ಹೈದರಾಬಾದ್
10 ಆಗಸ್ಟ್ 2024

ಶಾಂಭವಿ ಮೇಡಂ,

ಹೆದರಿಕೆ.

ಕಾಗದದ ಮೇಲೆ ಬರೆದದ್ದನ್ನು ನುಂಗುವಂತಿಲ್ಲ ಎಂದು ನೀವೇ ಹೇಳಿದ್ದು. ಆದ್ದರಿಂದ ಬರೆಯುತ್ತಿದ್ದೇನೆ. ಮಷೀನಿನಲ್ಲಿ ನಡುಕ ಹುಟ್ಟಿಸುವ ಭಾಗ ಇದೆಯಲ್ಲ, ಟ್ರಾನ್ಸ್‌ಡ್ಯೂಸರ್, ಅದು ನಿಮ್ಮ ಮಷೀನಿನ ಜೊತೆ ಬಂದದ್ದಲ್ಲ. ಮೂಲದ್ದು ಸುಟ್ಟಿತ್ತು. ಇನ್ನೊಂದು ಹಳೆಯ ಮಷೀನಿನದನ್ನು ತೆಗೆದು ಕೂರಿಸಿದ್ದೆ. ಚೆನ್ನಾಗಿಯೇ ನಡೆಯುತ್ತಿತ್ತು, ಅದಕ್ಕೇ ಹೇಳಲಿಲ್ಲ. ಮುಂಜಾನೆ ಮೊಂಡು ಮಾಡುತ್ತದೆ ಎಂದು ನೀವು ಬರೆದಾಗ ಮೊದಲು ನೆನಪಾದದ್ದು ಆ ಭಾಗವೇ. ಅದೇ ಕೈಕೊಟ್ಟಿತು ಅಂದುಕೊಂಡೆ. ಹಾಗೆ ಅಂದುಕೊಂಡವನು ಹಾಗೆಯೇ ಬರೆಯಬೇಕಿತ್ತು. ಹೇಮಾವತಿಯ ಕೈ ಎಂದು ಬರೆದೆ.

ಅವಳನ್ನು ನೀವು ಕೆಲಸದಿಂದಲೇ ತೆಗೆಯುತ್ತೀರಿ ಅಂದುಕೊಂಡಿರಲಿಲ್ಲ. ನಿಮ್ಮ ಜುಲೈ ಕಾಗದ ಓದಿದ ಮೇಲೆ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ನನ್ನ ತಾಯಿ ಗಣಿಯಲ್ಲಿ ಅದಿರು ಆರಿಸುತ್ತಿದ್ದವಳು. ಅಂಥವಳ ಮಗನಾದ ನಾನು ಇನ್ನೊಬ್ಬ ಹೆಣ್ಣುಮಗಳ ಕೈಗೆ ಹೆಸರಿಟ್ಟೆ.

ಈ ಕಾಗದದ ಜೊತೆ ಒಳ್ಳೆಯ ಟ್ರಾನ್ಸ್‌ಡ್ಯೂಸರ್ ಕಳಿಸಿದ್ದೇನೆ. ಹೊಸದು. ಬದಲಾಯಿಸುವ ರೀತಿ ಬರೆದಿಟ್ಟಿದ್ದೇನೆ.

ಯಲ್ಲೇಶ್


ಹೊಸಪೇಟೆ
19 ಆಗಸ್ಟ್ 2024

ಯಲ್ಲೇಶ್,

"ಅವರೇ" ಎಂದು ಬರೆಯುವ ಮನಸ್ಸಿಲ್ಲ.

ನಿಮ್ಮ ಹೊಸ ಟ್ರಾನ್ಸ್‌ಡ್ಯೂಸರ್ ಕೂರಿಸಿದೆವು. ಮಾದರಿ ತೆಗೆದೆ. ಎಳೆದೆ. ಎದ್ದು ಬಂತು. ಅಂದರೆ ಹೇಮಾವತಿಯ ಕೈಯೂ ಅಲ್ಲ, ಶಿಲ್ಪಶ್ರೀಯ ಕೈಯೂ ಅಲ್ಲ, ನೀವು ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದ ಕಳ್ಳ ಸಾಮಾನೂ ಅಲ್ಲ! ಹಾಗಾದರೆ ಯಾವುದು? ಹೇಳಿ, ಯಾವುದು? ನಿಮ್ಮ ಬಾಯಿಂದ ನಿಜ ಬಂದರೂ ನನಗೆ ದಕ್ಕಲಿಲ್ಲ.

ಹೇಮಾವತಿಯ ಸುದ್ದಿ ಕೇಳಿದೆ. ಶಿಲ್ಪಶ್ರೀ ಹೇಳಿದಳು. ಮಲಪನಗುಡಿಯಿಂದ ಬರುವ ಟಂಟಂ ಗಾಡಿಯಲ್ಲಿ ಅವತ್ತೇ ಮಾತು ಹಬ್ಬಿತಂತೆ. ಈಗ ಅವಳು "ಕಂಪನಿ ಹೇಮಕ್ಕ" ಅಲ್ಲ, "ಕೈ ನಡುಗೋ ಹೇಮಕ್ಕ". ರವಿಕೆಗೆ ಮಣಿ ಪೋಣಿಸುವ ಆರಿ ಕೆಲಸ ಕೇಳಲು ಹುಸೇನಮ್ಮ ಎಂಬವರ ಹತ್ತಿರ ಹೋದರೆ, ಅಲ್ಲಿ ಕೂತಿದ್ದವರು "ನಿನಗ ಕೈ ನಡುಕ ಐತಂತಲ್ಲ" ಅಂದರಂತೆ. ಅವಳ ನಾದಿನಿ ಬಿಸಿ ಸಾರಿನ ಪಾತ್ರೆ ಅವಳ ಕೈಗೆ ಕೊಡುವುದಿಲ್ಲವಂತೆ.

ಇದು ನಾನು ಆಡಿದ ಮಾತು. ನನ್ನ ಬಾಯಿಗೆ ಇಟ್ಟವರು ನೀವು.

ಶಾಂಭವಿ


ಹೈದರಾಬಾದ್
24 ಆಗಸ್ಟ್ 2024

ಶಾಂಭವಿ ಮೇಡಂ,

ಬೈದದ್ದು ಕಡಿಮೆಯಾಯಿತು.

ಒಂದು ಕೆಲಸ ಮಾಡಿ. ಈ ಸಲ ಒಳ್ಳೆಯದನ್ನು ಆರಿಸಿ ಕಳಿಸಬೇಡಿ. ನೀವು ಎಂದೂ ಮಾದರಿಗೆ ಎತ್ತದ, ಮೂಲೆಯಲ್ಲಿ ಇಟ್ಟ ಟ್ರೇಗಳನ್ನು ಕಳಿಸಿ. ಹೇಮಾವತಿ ಮಾಡಿದ್ದು ಉಳಿದಿದ್ದರೆ ಅದನ್ನೂ ಕಳಿಸಿ. ಜೊತೆಗೆ ನಿಮ್ಮ "ಒಳ್ಳೆಯ" ಟ್ರೇಯೂ ಒಂದಿರಲಿ. ಒರೆಸಬೇಡಿ, ಊದಬೇಡಿ, ಹೇಗಿವೆಯೋ ಹಾಗೇ ಮುಚ್ಚಿ ಕಳಿಸಿ.

ಯಲ್ಲೇಶ್


ಹೈದರಾಬಾದ್
3 ಸೆಪ್ಟೆಂಬರ್ 2024

ಶಾಂಭವಿ ಮೇಡಂ,

ಕೂತು ಓದಿ.

ಮೂಲೆಯ ಟ್ರೇಗಳು ಎಲ್ಲವೂ ಪಾಸು. ಹೇಮಾವತಿಯದು, ಶಿಲ್ಪಶ್ರೀಯದು, ಎರಡೂ. ನಾನು ಎಳೆದೆ, ತಂತಿ ನಡುವೆ ತುಂಡಾಯಿತೇ ಹೊರತು ಬುಡ ಏಳಲಿಲ್ಲ. ಹೇಮಾವತಿಯ ಬಾಂಡ್ ನೋಡಿದರೆ ಅಚ್ಚು ಹಾಕಿದ ಹಾಗಿದೆ. ಹಳೆಯ ಟ್ರಾನ್ಸ್‌ಡ್ಯೂಸರಿನಲ್ಲೇ ಮಾಡಿದ್ದು ಅದು.

ಬಿದ್ದದ್ದು ನೀವು ಆರಿಸಿದ ಒಳ್ಳೆಯ ಟ್ರೇ ಒಂದೇ. ಅದರ ಮುಚ್ಚಳ ತೆಗೆದಾಗ ಒಂದು ವಾಸನೆ ಬಂತು. ಮೊದಲು ನನ್ನ ಭ್ರಮೆ ಅಂದುಕೊಂಡೆ. ಇಲ್ಲಿಯ ಹುಡುಗನಿಗೂ ಮೂಸಿಸಿದೆ. "ಸಾಂಬ್ರಾಣಿ, ಸಾರ್" ಅಂದ. ನಮ್ಮವ್ವ ಶುಕ್ರವಾರ ಮನೆಯೆಲ್ಲ ಹಾಕುತ್ತಿದ್ದ ಲೋಬಾನದ ಹೊಗೆಯ ವಾಸನೆ. ಬೋರ್ಡಿನ ಬಂಗಾರದ ಲೇಪದ ಮೇಲೆ ಕಣ್ಣಿಗೆ ಕಾಣದ ಅಂಟಿನ ಪೊರೆ ಕೂತಿದೆ. ಅದರ ಮೇಲೆ ತಂತಿ ಒತ್ತಿದರೆ ಅದು ಲೋಹಕ್ಕೆ ಅಂಟುವುದಿಲ್ಲ, ಹೊಗೆಗೆ ಅಂಟುತ್ತದೆ.

ಆ ಟ್ರೇ ಮಷೀನಿಗೆ ಬರುವ ಮೊದಲು ಎಲ್ಲಿಗೆ ಹೋಗುತ್ತದೆ?

ಯಲ್ಲೇಶ್


ಹೊಸಪೇಟೆ
9 ಸೆಪ್ಟೆಂಬರ್ 2024

ಯಲ್ಲೇಶ್ ಅವರೇ,

ದೇವರ ಮುಂದಕ್ಕೆ.

ನೇರ ಮಷೀನಿಗೇ ಬರುತ್ತದೆ ಎಂದು ನಿಮಗೆ ಬರೆದಿದ್ದೆ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ದೇವರ ಮುಂದೆ ಇಡುವುದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರಾ? ನಮ್ಮ ಗಿರಣಿಯಲ್ಲಿ ಮಾವ ಜಡೆಪ್ಪನವರು ಅವರಪ್ಪನ ಕಾಲದಿಂದ ನಡೆದು ಬಂದದ್ದನ್ನು ನಡೆಸುತ್ತಾರೆ. ದಿನದ ಮೊದಲ ಚೀಲ ಪಂಪಾಪತಿಯ ಪಟದ ಮುಂದೆ. ಅದಕ್ಕೆ ವಿಭೂತಿ, ಲೋಬಾನ. ಕೊಳ್ಳುವವರು ಮಾದರಿ ಕೇಳಿದರೆ ಆ ಚೀಲದಿಂದಲೇ ಒಂದು ಬೊಗಸೆ ತೆಗೆದು ಕೊಡುವುದು. ದೇವರು ಮುಟ್ಟಿದ ಚೀಲದಿಂದ ಕೊಟ್ಟರೆ ವ್ಯಾಪಾರ ಕುದುರುತ್ತದೆ ಎಂದು ನಂಬಿಕೆ. ಅಕ್ಕಿ ಹೊಗೆಯಿಂದ ಕೆಡುವುದಿಲ್ಲ.

ಈ ಯೂನಿಟ್ ಶುರು ಮಾಡಿದಾಗ ನಾನೂ ಅದನ್ನೇ ಮಾಡಿದೆ. ದಿನದ ಮೊದಲ ಟ್ರೇ, ಹೊಗೆ ಚೆನ್ನಾಗಿ ತಾಗಲಿ ಎಂದು ಮುಚ್ಚಳ ತೆಗೆದು ಪಟದ ಮುಂದೆ ಇಡುತ್ತಿದ್ದೆ. ಸಂಡೂರಿಗೆ ಮಾದರಿಯನ್ನೂ ಅದರಿಂದಲೇ ತೆಗೆಯುತ್ತಿದ್ದೆ. ಮಾದರಿ ಬಿದ್ದ ಮೇಲೆ ಇನ್ನಷ್ಟು ಭಕ್ತಿಯಿಂದ ಇನ್ನಷ್ಟು ಲೋಬಾನ ಹಾಕಿದೆ, ಯಲ್ಲೇಶ್. ಆ ದೇವರು ಎಷ್ಟು ನಕ್ಕಿರಬೇಕು! ಹೇಮಾವತಿ ದಿನಾ ನನ್ನ ಹೊಗೆಯ ಮೇಲೆ ತಂತಿ ಕೂರಿಸಲು ಒದ್ದಾಡಿ, ಎರಡೆರಡು ಸಲ ಒತ್ತಿ, ಮಷೀನು ಮೊಂಡು ಅಂದುಕೊಂಡಳು. ನಾನು ಅವಳ ಕೈ ಅಂದೆ.

ನಿಮ್ಮ ಕಾಗದ ಓದಿದ ದಿನವೇ ಮಲಪನಗುಡಿಗೆ ಹೋದೆ. ಅಂಗಳದಲ್ಲಿ ಚೌಕಟ್ಟು ಹಾಕಿಕೊಂಡು ರವಿಕೆಗೆ ಮಣಿ ಹಾಕುತ್ತಿದ್ದಳು. ಹುಸೇನಮ್ಮ ಕೊನೆಗೆ ಕೆಲಸ ಕೊಟ್ಟಿದ್ದಾರೆ, ಮೊದಲು ಹಳೆಯ ಬಟ್ಟೆಯ ಮೇಲೆ ಮಾಡಿಸಿ ನೋಡಿಯೇ ಕೊಟ್ಟರಂತೆ. "ಬರ್ರಿ ಮೇಡಂ, ಕುಂದ್ರಿ" ಅಂದಳು. ನೀರು ಕೊಟ್ಟಳು. ಎಲ್ಲ ಹೇಳಿದೆ. ಹೊಗೆ, ಟ್ರೇ, ಎಲ್ಲ. ವಾಪಸ್ ಬಾ ಅಂದೆ.

ಸೂಜಿ ನಿಲ್ಲಿಸದೆ ಕೇಳಿದಳು. ಆಮೇಲೆ, "ಇದನ್ನ ನನಗ್ಯಾಕ ಹೇಳ್ತೀರಿ? ನನ್ನ ಕೈ ನಡುಗಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ಅವತ್ತು ಯಾರ ಮುಂದ ಅಂದ್ರೋ ಅವರ ಮುಂದ ಹೇಳ್ರಿ. ಆ ಸಂಡೂರು ಸಾಹೇಬ್ರೂ ಇರಬೇಕು" ಅಂದಳು.

ಬಾಗಿಲವರೆಗೂ ಬಂದು ಕಳಿಸಿದಳು. ನನಗೆ ಮುಖ ಎತ್ತಲಾಗಲಿಲ್ಲ.

ಶಾಂಭವಿ


ಹೈದರಾಬಾದ್
14 ಸೆಪ್ಟೆಂಬರ್ 2024

ಶಾಂಭವಿ,

ತಂಗಿ ಅಂದುಕೊಂಡು ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಹೇಳಿಬಿಡಿ. ಮಾಲೀಕರು ಅನ್ನುವುದನ್ನು ಆ ಒಂದು ಗಳಿಗೆ ಬಿಡಿ, ಏನೂ ಆಗುವುದಿಲ್ಲ.

ಇದರೊಳಗೆ ಹೇಮಾವತಿಗೆ ಒಂದು ಚೀಟಿ ಇದೆ. ಆ ಮಾತು ಮೊದಲು ಹುಟ್ಟಿದ್ದು ನನ್ನ ಹತ್ತಿರ, ನನ್ನ ಸಾಮಾನಿನ ಹುಳುಕು ಮುಚ್ಚಲು ಹೇಳಿದ್ದು ಎಂದು ಬರೆದಿದ್ದೇನೆ. ನಾನೇ ಬರಬೇಕಿತ್ತು. ಬರಲು ಧೈರ್ಯ ಬರುತ್ತಿಲ್ಲ.

ಯಲ್ಲೇಶ್


ಹೊಸಪೇಟೆ
28 ಸೆಪ್ಟೆಂಬರ್ 2024

ಯಲ್ಲೇಶಣ್ಣ,

ನಿನ್ನೆ ಎಲ್ಲರೂ ಸೇರಿದ್ದರು. ಉಚ್ಚೆಂಗಪ್ಪನವರು, ಹುಡುಗಿಯರು, ಅತ್ತೆ, ಕಂಪ್ಲಿಯಿಂದ ಮಾವ ಕೂಡ. ಹೇಮಾವತಿ ಹುಸೇನಮ್ಮನನ್ನು ಕರೆದುಕೊಂಡು ಬಂದಿದ್ದಳು. ನಿಮ್ಮ ಚೀಟಿ ಕೊಟ್ಟೆ. ಓದಿ, ಮಡಚಿ, ನನಗೇ ವಾಪಸ್ ಕೊಟ್ಟಳು.

ನಾನು ಹೇಳಿದೆ. "ತಪ್ಪು ನಂದು. ಟ್ರೇ ನಂದು, ಹೊಗಿ ನಂದು. ಹೇಮಾವತಿ ಕೈ ನಡುಗಂಗಿಲ್ಲ, ಎಂದೂ ನಡುಗಿಲ್ಲ. ಗೊತ್ತಿಲ್ಲದ ನಾ ಅಂದೆ" ಅಂದೆ. ಮಾವನವರು ಲೋಬಾನದ ವಿಷಯ ಕೇಳಿ ಮುಖ ಗಂಟಿಕ್ಕಿದರು. ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಹೇಮಾವತಿ ಕೈ ತೊಳೆದು, ಟೋಪಿ ಹಾಕಿಕೊಂಡು ಹೋಗಿ ಮಷೀನಿನ ಮುಂದೆ ಕೂತಳು. ಶಿಲ್ಪಶ್ರೀ ಪ್ಯಾಕ್ ಒಡೆದು ಬೋರ್ಡು ಕೊಟ್ಟಳು, ಈ ಸಲ ನಿಜವಾಗಿಯೂ ನೇರ. ಟಕ್, ಟಕ್, ಒಂದೊಂದೇ ಒತ್ತು. ಟ್ರೇ ಮುಗಿಸಿ ಉಚ್ಚೆಂಗಪ್ಪನವರ ಮುಂದಿಟ್ಟು "ಎಳೀರಿ ಸಾಹೇಬ್ರ" ಅಂದಳು. ಅವರು ಎಳೆದರು. ಒಂದೂ ಎದ್ದು ಬರಲಿಲ್ಲ. ಕೊನೆಯದನ್ನು ಎಳೆದು, "ಪಾಸ್ ಆತವ್ವ" ಅಂದರು, ನನಗಲ್ಲ, ಅವಳಿಗೆ. ಹುಸೇನಮ್ಮ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಹಿಗ್ಗಿಬಿಟ್ಟೆ. ನಾಳೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಿದೆ.

ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. "ಬರಂಗಿಲ್ರಿ. ನನಗ ಬೇಕಾಗಿದ್ದು ಇಷ್ಟ. ಇಲ್ಲಿ ಕುಂತ್ರ ಇನ್ನ ಮ್ಯಾಲೆ ಒಂದು ತಂತಿ ಎದ್ರೂ, ನೀವು ನನ್ನ ಕೈ ನೋಡ್ತೀರಿ. ನೋಡಂಗಿಲ್ಲ ಅಂದ್ರೂ ನೋಡ್ತೀರಿ" ಅಂದಳು. ನಾನು ಇಲ್ಲ ಎಂದು ಹೇಳಲು ಹೋದೆ. ಆದರೆ ಹೇಳುವಾಗಲೇ ನನ್ನ ಕಣ್ಣು ಅವಳ ಕೈ ಮೇಲಿತ್ತು. ಅವಳು ಅದನ್ನು ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಹುಸೇನಮ್ಮನ ಜೊತೆ ಹೊರಟುಹೋದಳು.

ಆರ್ಡರ್ ಬಂದಿದೆ. ಉಚ್ಚೆಂಗಪ್ಪನವರು ದಸರೆಗೆ ಮೊದಲು ಪೂರ್ತಿ ಮಾಲು ಬೇಕು ಅನ್ನುತ್ತಿದ್ದಾರೆ. ಶಿಲ್ಪಶ್ರೀ ಒಬ್ಬಳಿಂದ ಆಗುವುದಿಲ್ಲ, ಹಾಗಾಗಿ ಇವತ್ತು ನಾನೇ ಕೂತೆ. ಬೋರ್ಡು ಶುದ್ಧ ಇದೆ, ಟ್ರಾನ್ಸ್‌ಡ್ಯೂಸರ್ ಹೊಸದಿದೆ, ಸೆಟ್ಟಿಂಗ್ ನಿಮ್ಮದೇ. ಬೆಳಿಗ್ಗೆಯಿಂದ ಕೂತಿದ್ದೇನೆ, ಒಂದು ತಂತಿಯೂ ಹಿಡಿಯುತ್ತಿಲ್ಲ. ಕೊನೆಗೆ ಶಿಲ್ಪಶ್ರೀ ಮೆಲ್ಲಗೆ, "ಮೇಡಂ, ನಿಮ್ಮ ಕೈ ನಡುಗಾಕತ್ತಾವ್ರಿ" ಅಂದಳು.

ಶಾಂಭವಿ